ತಾತ್ಪರ್ಯನಿರ್ಣಯದ ಒಂದು ಪಾಠ

ಒಂದು ಗ್ರಂಥವನ್ನು ವಿದ್ಯಾರ್ಥಿಗಳ ಮುಂದಿರಿಸಿ, "ಇದರ ಪ್ರಧಾನ ಪ್ರತಿಪಾದ್ಯವೇನು? ಗ್ರಂಥಕರ್ತನು ಅದನ್ನು ಹೇಗೆ ಸಮರ್ಥಿಸಿದ್ದಾನೆ? ವಿಮರ್ಶಿಸಿ ಬರೆಯಿರಿ" ಎಂದು ಕೇಳುವುದು ಅಧ್ಯಾಪಕನಿಗೆ ಒಂದು ನಿಮಿಷದ ಕೆಲಸ. ಅದಕ್ಕೆ ಉತ್ತರ ಬರೆಯುವುದು ವಿದ್ಯಾರ್ಥಿಗೆ ಒಂದು ವಾರದ ಕೆಲಸ. ಬರೆದದ್ದು ಸರಿಯೆ ತಪ್ಪೆ ಎಂದು ನಿರ್ಣಯಿಸುವುದು ಎಷ್ಟು ಕಾಲದ ಕೆಲಸವೆಂಬುದನ್ನು ಮಾತ್ರ ಮೊದಲೇ ಹೇಳಲಾಗದು.

ಅರಸೀಕೆರೆಯ ಕಡೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಅಧ್ಯಾಪಕರೊಬ್ಬರಿಗೆ 2009ನೆಯ ಇಸವಿಯಲ್ಲಿ ಇದರ ಅನುಭವವಾಯಿತು. ಮಹಾತ್ಮಾ ಗಾಂಧಿಯವರ 'ಹಿಂದ್ ಸ್ವರಾಜ್' ಎಂಬ ಕಿರುಹೊತ್ತಿಗೆಗೆ ಆ ವರ್ಷ ನೂರು ತುಂಬಿತು. ಅಧ್ಯಾಪಕರು ಆ ಸಂದರ್ಭವನ್ನೇ ನೆವಮಾಡಿಕೊಂಡು ಬಿ.ಎ. ತರಗತಿಯ 58 ಮಂದಿಗೂ ಆ ಗ್ರಂಥದ ಕನ್ನಡ ಅನುವಾದವನ್ನು ಓದಿ, ಅದರ ಮುಖ್ಯ ಪ್ರಮೇಯವನ್ನು ಕುರಿತು ನಾಲ್ಕು ಪುಟ ಬರೆದು ತರಬೇಕೆಂದು ವಿಧಿಸಿದರು. ಇಪ್ಪತ್ತು ವರ್ಷಗಳಿಂದ ಪಾಠ ಹೇಳಿದ್ದ ಗ್ರಂಥ. ಅವರ ಟಿಪ್ಪಣಿಯ ಪುಸ್ತಕದಲ್ಲಿ ಅದರ ತಾತ್ಪರ್ಯವು ಒಂದೇ ವಾಕ್ಯವಾಗಿ ನಿಂತುಹೋಗಿದ್ದಿತು: ತನ್ನನ್ನು ತಾನು ಆಳಿಕೊಳ್ಳುವುದೇ ನಿಜವಾದ ಸ್ವರಾಜ್ಯ. ಈ ಮಾತು ಬಂದರೆ ಅಂಕ, ಬಾರದಿದ್ದರೆ ಇಲ್ಲ. ಇದಕ್ಕಿಂತ ನಿಶ್ಚಿಂತವಾದ ಪರೀಕ್ಷಕತ್ವವು ಇನ್ನೊಂದಿಲ್ಲ.

ಆದರೆ ಆ ಗ್ರಂಥವು ನಿಶ್ಚಿಂತವಾದ ಗ್ರಂಥವಲ್ಲ. 1909ರ ನವೆಂಬರ್ 13ರಿಂದ 22ರವರೆಗೆ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುತ್ತಿದ್ದ 'ಕಿಲ್ಡೋನನ್ ಕ್ಯಾಸಲ್' ಎಂಬ ಹಡಗಿನಲ್ಲಿ, ಹಡಗಿನ ಕಾಗದದ ಮೇಲೆಯೇ ಗಾಂಧಿಯವರು ಅದನ್ನು ಗುಜರಾತಿಯಲ್ಲಿ ಬರೆದರು. ಬಲಗೈ ಸೋತಾಗ ಎಡಗೈಗೆ ಲೇಖನಿಯನ್ನು ಬದಲಾಯಿಸಿದರು. ಸುಮಾರು 40 ಪುಟಗಳು ಎಡಗೈಯ ಬರಹವೇ ಆಗಿವೆ. ಮರುವರ್ಷ, 1910ರ ಮಾರ್ಚಿಯಲ್ಲಿ, ಮುಂಬಯಿ ಸರಕಾರವು ಅದನ್ನು ನಿಷೇಧಿಸಿತು. ಒಟ್ಟು 20 ಅಧ್ಯಾಯಗಳು. ಕಾಂಗ್ರೆಸ್ಸಿನ ಮಾತಿನಿಂದ ಮೊದಲಾಗಿ ವಂಗಭಂಗ, ಇಂಗ್ಲೆಂಡಿನ ಪಾರ್ಲಿಮೆಂಟು, ನಾಗರಿಕತೆ, ರೈಲು, ವಕೀಲರು, ವೈದ್ಯರು, ಇಟಲಿ, ಸತ್ಯಾಗ್ರಹ, ಶಿಕ್ಷಣ, ಯಂತ್ರಗಳು ಎಂದು ಒಂದರ ಹಿಂದೊಂದು ವಿಷಯವು ಬರುತ್ತದೆ. ಇಷ್ಟರಲ್ಲಿ ಪ್ರಧಾನವಾವುದು, ಅಂಗವಾವುದು ಎಂದು ವಿಂಗಡಿಸುವುದೇ ವಿದ್ಯಾರ್ಥಿಗೆ ಮೊದಲನೆಯ ತೊಡಕು.

ಎರಡನೆಯ ತೊಡಕು ಅದಕ್ಕಿಂತ ಹೆಚ್ಚಿನದು. ಗ್ರಂಥವು ಸಂವಾದರೂಪದಲ್ಲಿದೆ. 'ವಾಚಕ'ನೆಂಬುವನು ಕೇಳುತ್ತಾನೆ, 'ಸಂಪಾದಕ'ನು ಉತ್ತರಿಸುತ್ತಾನೆ. ವಾಚಕನು ತೀವ್ರಗಾಮಿಯಾದ ತರುಣ. ಇಂಗ್ಲಿಷರನ್ನು ಬಲಪ್ರಯೋಗದಿಂದ ಓಡಿಸಿ ಅವರಂತೆಯೇ ಸೈನ್ಯವನ್ನೂ ನೌಕಾಬಲವನ್ನೂ ಕಟ್ಟಬೇಕೆನ್ನುವವನು. ಗಾಂಧಿಯವರು ಅವನ ವಾದವನ್ನು ತೆಳ್ಳಗೆ ಮಾಡದೆ, ಅವನು ಹೇಳಬಹುದಾದಷ್ಟು ಬಲವಾಗಿಯೇ ಹೇಳಿಸಿದ್ದಾರೆ. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ ಸಿದ್ಧಾಂತಗಳ ಕ್ರಮವೇ ಇದು. ಶಾಸ್ತ್ರದ ಪರಿಚಯವಿಲ್ಲದ ವಿದ್ಯಾರ್ಥಿಯು ಪೂರ್ವಪಕ್ಷದ ವಾಕ್ಯವೊಂದನ್ನು ಕಿತ್ತು ತಂದು, "ಗಾಂಧೀಜಿಯವರು ಹೀಗೆ ಹೇಳುತ್ತಾರೆ" ಎಂದು ಬರೆದರೆ, ಅಹಿಂಸೆಯ ಪ್ರವರ್ತಕರೇ ತುಪಾಕಿಯನ್ನು ಬೇಡಿದಂತಾಗುತ್ತದೆ. ಆ ವರ್ಷ ಒಂಬತ್ತು ಮಂದಿ ಹೀಗೆಯೇ ಬೇಡಿಸಿದ್ದರು.

ಉಳಿದ ಉತ್ತರಗಳ ವಿಷಯ ಹೆಚ್ಚಾಗಿ ಹೇಳಬೇಕಾದುದಿಲ್ಲ. ಕೆಲವರು ಪೋರಬಂದರಿನ ಜನನದಿಂದ ಮೊದಲುಮಾಡಿ ಮಹಾತ್ಮರ ಚರಿತ್ರೆಯನ್ನೇ ಬರೆದಿದ್ದರು. ಕೆಲವರು ಇಪ್ಪತ್ತು ಅಧ್ಯಾಯಗಳಿಗೂ ಸಮನಾಗಿ ಐದೈದು ಪಂಕ್ತಿಗಳನ್ನು ಹಂಚಿ, ಯಾರಿಗೂ ಅನ್ಯಾಯವಾಗದಂತೆ ನೋಡಿಕೊಂಡಿದ್ದರು. ಬಹುಮಂದಿ ಅಂಗಡಿಯ ಗೈಡಿನಿಂದ ನಕಲುಮಾಡಿದ್ದರು; ಗೈಡಿನ ಅಚ್ಚಿನ ತಪ್ಪುಗಳೂ ಭಕ್ತಿಯಿಂದ ಇಳಿದುಬಂದಿದ್ದವು. ಇನ್ನು ಹತ್ತು ಹನ್ನೆರಡು ಮಂದಿ ಅಧ್ಯಾಪಕರ ಟಿಪ್ಪಣಿಯ ವಾಕ್ಯವನ್ನು ಅವರಿಗೇ ಹಿಂತಿರುಗಿಸಿದ್ದರು. ಅಧ್ಯಾಪಕರು ಇವರಿಗೆ ಒಳ್ಳೆಯ ಅಂಕಗಳನ್ನು ಕೊಟ್ಟರು.

ಈ ರಾಶಿಯಲ್ಲಿ ಒಂದು ಲೇಖನವು ಮಾತ್ರ ಬೇರೆಯಾಗಿದ್ದಿತು. ಬರೆದವನು ಅರಸೀಕೆರೆ ತಿಪಟೂರುಗಳ ನಡುವಣ ರೈಲುಹಾದಿಯಲ್ಲಿ ಕೀಮ್ಯಾನ್ ಆಗಿದ್ದವರೊಬ್ಬರ ಮಗ. ಕೀಮ್ಯಾನಿನ ಕೆಲಸವನ್ನು ಅರಿಯದವರಿಗಾಗಿ ಎರಡು ಮಾತು: ಅವನಿಗೆಂದು ಗೊತ್ತುಮಾಡಿದ ಕೆಲವು ಕಿಲೋಮೀಟರುಗಳ ಹಳಿಯನ್ನು ಅವನು ದಿನವೂ ಕಾಲ್ನಡೆಯಲ್ಲಿ ನಡೆದು ನೋಡಬೇಕು, ಹೆಗಲಿನ ಮೇಲೆ ಸುತ್ತಿಗೆ, ಸ್ಪ್ಯಾನರು, ಕೆಂಪು ಬಾವುಟ, ಸಡಿಲವಾದ ಕೀಲನ್ನು ಬಡಿದು ಕೂರಿಸುವುದು, ಬಿರುಕು ಕಂಡರೆ ಗಾಡಿಯನ್ನು ನಿಲ್ಲಿಸುವುದು. ಹುಡುಗನ ಮೊದಲನೆಯ ವಾಕ್ಯವು, ರೈಲು ಕೆಟ್ಟದ್ದೆಂಬುದೇ ಈ ಪುಸ್ತಕದ ಮುಖ್ಯ ವಿಷಯ ಎಂದಿದ್ದಿತು. ಎರಡನೆಯ ವಾಕ್ಯವು, ಇದು ಸುಳ್ಳು ಎಂದು. ಮುಂದಿನ ಮೂರೂವರೆ ಪುಟ ತಂದೆಯ ಕೆಲಸದ ವರ್ಣನೆ. ಮಳೆಗಾಲದ ರಾತ್ರಿಯಲ್ಲಿ ಅವರು ಹೋದದ್ದು, ಊರಿನ ಬಾಣಂತಿಯೊಬ್ಬಳನ್ನು ಪ್ಯಾಸೆಂಜರ್ ಗಾಡಿಯಲ್ಲಿ ಹಾಸನದ ಆಸ್ಪತ್ರೆಗೆ ಸೇರಿಸಿದ್ದು, ಆ ಸಂಬಳದಿಂದ ತಾನು ಓದುತ್ತಿರುವುದು, ಎಲ್ಲವೂ ಇದ್ದಿತು. ಗಾಂಧಿಯವರ ಹೆಸರು ಕಡೆಯ ಪುಟದಲ್ಲಿ ಒಮ್ಮೆ ಮಾತ್ರ ಬಂದಿದ್ದಿತು, ಅದೂ ಕೊಂಚ ಕೋಪದಿಂದ.

ಅಧ್ಯಾಪಕರು 20ಕ್ಕೆ 6 ಅಂಕಗಳನ್ನು ಕೊಟ್ಟು, ಕೆಂಪು ಶಾಯಿಯಲ್ಲಿ, "ಮೊದಲು ಗ್ರಂಥಕರ್ತನ ಮಾತು, ಆಮೇಲೆ ನಿನ್ನದು" ಎಂದು ಬರೆದರು.

ಹುಡುಗನು ಮಧ್ಯಾಹ್ನದ ವಿರಾಮದಲ್ಲಿ ಅವರ ಕೊಠಡಿಯ ಬಾಗಿಲಿಗೆ ಬಂದು ನಿಂತನು.

"ಸರ್, ಅಂಕದ ವಿಷಯವಲ್ಲ. ಒಂದು ಕೇಳಬೇಕಿತ್ತು."

"ಒಳಗೆ ಬಾರಪ್ಪ."

"ಗಾಂಧೀಜಿ ರೈಲಿಂದ ದೇಶ ಹಾಳಾಯಿತು ಅಂತಾರೆ. ಹಾಗಾದ್ರೆ ನಮ್ಮಪ್ಪ ಮಾಡೋದು ದೇಶ ಹಾಳುಮಾಡೋ ಕೆಲಸವೇ ಸರ್? ನಾನು ಅದನ್ನ ಒಪ್ಕೊಂಡು ಬರೀಬೇಕಿತ್ತೇ?"

"ಒಪ್ಪು ಅಂತ ಯಾರು ಹೇಳಿದರು? ಅವರು ಏನು ಹೇಳಿದ್ದಾರೆ ಅಂತ ನೀನು ಬರೆದಿಲ್ಲವಲ್ಲ. ನೀನು ಜಗಳವಾಡಿರೋದು ಒಂದು ಅಧ್ಯಾಯದ ಜೊತೆ. ಗ್ರಂಥ ಇನ್ನೂ ಹತ್ತೊಂಬತ್ತು ಅಧ್ಯಾಯ ಇದೆ."

ಈ ಉತ್ತರವು ನ್ಯಾಯವಾದುದೇ ಆಗಿದ್ದಿತು. ಒಬ್ಬನ ಮಾತನ್ನು ಖಂಡಿಸುವುದಕ್ಕೆ ಮೊದಲು, ಅವನೇ ಬಂದು ಕೇಳಿದರೆ "ಹೌದು, ನಾನು ಹೇಳಿದ್ದು ಇದೇ" ಎನ್ನುವಂತೆ ಅದನ್ನು ಹೇಳಬೇಕು. ಇಷ್ಟನ್ನು ಕಲಿಸದ ಕಾಲೇಜು ಬೇರೇನನ್ನು ಕಲಿಸಿಯೂ ಫಲವಿಲ್ಲ. ಅಧ್ಯಾಪಕರು ಹುಡುಗನನ್ನು ಕುಳ್ಳಿರಿಸಿ, ತಮ್ಮ ತಾತನವರಿಂದ ಬಾಲ್ಯದಲ್ಲಿ ಕೇಳಿದ್ದ ಒಂದು ಹಳೆಯ ಕ್ರಮವನ್ನು ಹೇಳಿಕೊಟ್ಟರು.

ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ನಮ್ಮ ಹಿರಿಯರು ಆರು ಗುರುತುಗಳನ್ನು ಹೇಳಿದ್ದಾರೆ. ಉಪಕ್ರಮೋಪಸಂಹಾರ, ಎಂದರೆ ಗ್ರಂಥವು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತೆಂಬುದು. ಇವೆರಡೂ ಸೇರಿ ಒಂದು ಗುರುತು. ಅಭ್ಯಾಸ, ಮತ್ತೆ ಮತ್ತೆ ಹೇಳಿದ ಮಾತು. ಅಪೂರ್ವತೆ, ಬೇರೆಲ್ಲಿಯೂ ದೊರೆಯದ ಹೊಸ ಮಾತು. ಫಲ, ಆ ಮಾತಿನಿಂದ ಓದುವವನಿಗೆ ಆಗಬೇಕಾದ ಪ್ರಯೋಜನ. ಅರ್ಥವಾದ, ಮುಖ್ಯ ವಿಷಯಕ್ಕೆ ಪುಷ್ಟಿ ಕೊಡುವ ಸ್ತುತಿ ಅಥವಾ ನಿಂದೆ. ಉಪಪತ್ತಿ, ಯುಕ್ತಿ. ವೇದವಾಕ್ಯಗಳಿಗಾಗಿ ಹುಟ್ಟಿದ ಈ ಕ್ರಮವನ್ನು ಯಾವ ಗ್ರಂಥಕ್ಕಾದರೂ ಹಚ್ಚಿ ನೋಡಬಹುದು.

ಈ ಗುರುತುಗಳನ್ನು ತಿಳಿದ ಮಾತ್ರಕ್ಕೆ ತಾತ್ಪರ್ಯವು ತಾನಾಗಿ ಕೈಗೆ ಬರುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಒಂದೇ ಮಾತನ್ನು ಒಂಬತ್ತು ಸಲ ಹೇಳುತ್ತಾನೆ. ಇದಕ್ಕಿಂತ ಸ್ಪಷ್ಟವಾದ ಅಭ್ಯಾಸವುಂಟೆ? ಆದರೂ ಆ ಮಾತು ಜೀವಬ್ರಹ್ಮರ ಐಕ್ಯವನ್ನು ಸಾರುತ್ತದೆಂದು ಅದ್ವೈತಿಗಳು ಎಂದರೆ, ಉಡುಪಿಯ ಮಧ್ವಾಚಾರ್ಯರು ಅದೇ ಪದಗಳನ್ನು ಬೇರೆಯಾಗಿ ಬಿಡಿಸಿ, ಅದು ಭೇದವನ್ನೇ ಹೇಳುತ್ತದೆಂದರು. ಇಬ್ಬರೂ ಆರು ಗುರುತುಗಳನ್ನು ಬಲ್ಲವರೇ. ಇಂತಹವರ ನಡುವೆಯೇ ತೀರದ ವ್ಯಾಜ್ಯವನ್ನು ಬಿ.ಎ. ವಿದ್ಯಾರ್ಥಿಯು ನಾಲ್ಕು ಪುಟಗಳಲ್ಲಿ ತೀರಿಸಬೇಕೆಂದು ನಮ್ಮ ಪ್ರಶ್ನಪತ್ರಿಕೆಗಳು ಕೇಳುತ್ತವೆ!

ಅಧ್ಯಾಪಕರು ಮಾತ್ರ ಅಂದು ಈ ಸಂದೇಹಕ್ಕೆ ಎಡೆಗೊಡಲಿಲ್ಲ. ಉಪಸಂಹಾರವನ್ನು ನೋಡು, ಅಲ್ಲಿ ಸ್ವರಾಜ್ಯವೆಂದರೆ ಆತ್ಮಸಂಯಮವೆಂದಿದೆ. ರೈಲು, ವಕೀಲ, ವೈದ್ಯರ ನಿಂದೆಯೆಲ್ಲ ಅರ್ಥವಾದ. ಹೀಗೆ ಬರೆದುಕೊಂಡು ಬಾ, ನೋಡುತ್ತೇನೆ ಎಂದು ಕಳುಹಿಸಿದರು. ಕೀಮ್ಯಾನರ ಮನೆಗೆ ಇದರಿಂದ ಸಮಾಧಾನವಾಗುವುದೆಂಬ ದಯೆಯೂ ಆ ಮಾತಿನಲ್ಲಿದ್ದಿತು.

ಹುಡುಗನು ಹದಿನೈದು ದಿನ ಬರಲಿಲ್ಲ. ಬಂದಾಗ ಅವನ ಕೈಯಲ್ಲಿ ಒಂಬತ್ತು ಪುಟಗಳಿದ್ದವು.

ಈ ಸಲ ಅವನು ಕ್ರಮವನ್ನು ಬಿಟ್ಟಿರಲಿಲ್ಲ. ಗ್ರಂಥದ ಉಪಕ್ರಮದಲ್ಲಿರುವುದು ದೇಶವು ಸ್ವರಾಜ್ಯವನ್ನು ಬಯಸುತ್ತಿದೆಯೆಂಬ ಮಾತು. ಉಪಸಂಹಾರದಲ್ಲಿರುವುದು ಸ್ವರಾಜ್ಯವು ಒಬ್ಬೊಬ್ಬನು ತನ್ನ ಮೇಲೆ ತಾನು ನಡೆಸುವ ಆಳ್ವಿಕೆಯೆಂಬ ತೀರ್ಮಾನ. ಬಯಸಿದ ವಸ್ತುವಿನ ಅರ್ಥವೇ ನಡುವೆ ಬದಲಾಗಿದೆ ಎಂದು ತೋರಿಸಿದ್ದನು. ವಾಚಕನ ಮಾತಾವುದು, ಸಂಪಾದಕನ ಮಾತಾವುದು ಎಂದು ಎಲ್ಲಿಯೂ ಕಲಸಿರಲಿಲ್ಲ. ಇಂಗ್ಲಿಷರು ಭಾರತವನ್ನು ಗೆದ್ದುಕೊಂಡದ್ದಲ್ಲ, ನಾವೇ ಒಪ್ಪಿಸಿದೆವು ಎಂಬ ಏಳನೆಯ ಅಧ್ಯಾಯದ ಯುಕ್ತಿಯೇ ಇಡೀ ಗ್ರಂಥದ ಕೀಲೆಂದು ಹಿಡಿದಿದ್ದನು. ನಮ್ಮ ಲೋಭದಿಂದ ಕೊಟ್ಟದ್ದಾದರೆ, ಲೋಭವನ್ನು ಬಿಡದೆ ಹಿಂದಕ್ಕೆ ಪಡೆಯಲಾಗದು; ಆದುದರಿಂದಲೇ ಬಲಪ್ರಯೋಗವು ವ್ಯರ್ಥ, ಸತ್ಯಾಗ್ರಹವು ಮಾರ್ಗ. ಹದಿನೇಳನೆಯ ಅಧ್ಯಾಯವು ಏಳನೆಯದಕ್ಕೆ ಹೀಗೆ ಸೇರಿಕೊಳ್ಳುವುದನ್ನು ಅಧ್ಯಾಪಕರು ಬೇರೆ ಯಾವ ವಿದ್ಯಾರ್ಥಿಯ ಬರಹದಲ್ಲಿಯೂ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಲೇಖನವು ಅವರು ಹಾಕಿಕೊಟ್ಟ ಹಾದಿಯನ್ನು ಬಿಟ್ಟಿತು. ರೈಲಿನ ನಿಂದೆಯು ಬರಿಯ ಅರ್ಥವಾದವೆಂದು ತನಗೆ ತೋರುವುದಿಲ್ಲವೆಂದು ಹುಡುಗನು ಬರೆದಿದ್ದನು. ಕಾರಣ, ಅಭ್ಯಾಸ. ಯಂತ್ರನಾಗರಿಕತೆಯ ನಿಂದೆಯು ಆರನೆಯ ಅಧ್ಯಾಯದಲ್ಲಿದೆ, ಒಂಬತ್ತರಲ್ಲಿದೆ, ಹದಿಮೂರರಲ್ಲಿದೆ, ಹತ್ತೊಂಬತ್ತರಲ್ಲಿದೆ. ಉಪಸಂಹಾರದಲ್ಲಿ ವಕೀಲರೂ ವೈದ್ಯರೂ ಧನಿಕರೂ ಏನು ಮಾಡಬೇಕೆಂದು ಒಂದೊಂದಾಗಿ ಹೇಳಿದೆ. ಅಲಂಕಾರಕ್ಕಾಗಿ ಹೇಳಿದ ಮಾತನ್ನು ಯಾರೂ ಇಷ್ಟು ಸಲ ಹೇಳುವುದಿಲ್ಲ. ಈ ಪುಸ್ತಕವೂ ಅಚ್ಚಿನ ಯಂತ್ರದಿಂದಲೇ ಬರುತ್ತದಲ್ಲವೆ ಎಂದು ಹತ್ತೊಂಬತ್ತನೆಯ ಅಧ್ಯಾಯದಲ್ಲಿ ವಾಚಕನೇ ಆಕ್ಷೇಪಿಸುತ್ತಾನೆ. ಸಂಪಾದಕನು ಅದನ್ನು ವಿಷದಿಂದ ವಿಷವನ್ನು ತೆಗೆಯುವುದಕ್ಕೆ ಹೋಲಿಸುತ್ತಾನೆ. ವಿಷವೆಂಬುದನ್ನು ಅಲ್ಲಿಯೂ ಬಿಟ್ಟುಕೊಡುವುದಿಲ್ಲ. ಆದುದರಿಂದ ಗ್ರಂಥದ ಪ್ರಮೇಯವು 'ಆತ್ಮಸಂಯಮವೇ ಸ್ವರಾಜ್ಯ' ಎಂಬಷ್ಟೇ ಅಲ್ಲ. 'ಈ ನಾಗರಿಕತೆಯನ್ನು ಇಟ್ಟುಕೊಂಡು ಆ ಸ್ವರಾಜ್ಯವು ದೊರೆಯದು' ಎಂಬ ಎರಡನೆಯ ಭಾಗವೂ ಅದಕ್ಕೆ ಸೇರಿದೆ. ಮೊದಲನೆಯ ಭಾಗವು ಕೇಳಲು ಇಂಪು. ಎರಡನೆಯದು ನಮ್ಮ ಮನೆಯ ಅನ್ನಕ್ಕೆ ಬರುತ್ತದೆ. ಇಂಪಾದುದನ್ನು ಮಾತ್ರ ತೆಗೆದುಕೊಂಡರೆ ಗಾಂಧೀಜಿಯವರ ಮೇಲೆ ಕೋಪವೂ ಬಾರದು, ಅವರ ಮಾತು ಕೇಳಿದಂತೆಯೂ ಆಗದು. ಹೀಗೆಂದು ಅವನು ಬರೆದಿದ್ದನು.

ಇಷ್ಟು ಹೇಳಿದ ಮೇಲೆಯೇ ಅವನು ತನ್ನ ವಾದಕ್ಕೆ ತೊಡಗಿದ್ದನು. ಈ ಸಲ ತಂದೆಯ ವಿಷಯ ಅರ್ಧ ಪುಟ ಮಾತ್ರ. ರೈಲಿನಿಂದ ಕ್ಷಾಮವು ಹೆಚ್ಚಿತು, ಧಾನ್ಯವು ಹೆಚ್ಚು ಬೆಲೆ ಬರುವ ಕಡೆಗೆ ಹರಿದುಹೋಗುತ್ತದೆ ಎಂಬ ಒಂಬತ್ತನೆಯ ಅಧ್ಯಾಯದ ಮಾತನ್ನು ಅವನು ಪರೀಕ್ಷೆಗೆ ತೆಗೆದುಕೊಂಡಿದ್ದನು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನರು ಹುಳುಗಳಂತೆ ಸತ್ತರು. ಆಗ ಬೆಂಗಳೂರಿಗೆ ರೈಲಿದ್ದಿತು. ಮದರಾಸಿನ ಕಡೆಯಿಂದ ಧಾನ್ಯವೂ ಬಂದಿತು. ಅಲ್ಲಿಂದಾಚೆಗೆ ಹಳಿಯಿಲ್ಲದುದರಿಂದ ಅದನ್ನು ಸಾಗಿಸುವುದೇ ಕಷ್ಟವಾಯಿತು. ಇದು ಗಾಂಧಿಯವರಿಗೆ ವಿರುದ್ಧವಾದ ಸಾಕ್ಷ್ಯ. ಅದೇ ವರ್ಷಗಳಲ್ಲಿ ಭಾರತದ ಗೋಧಿಯು ಬಂದರುಗಳ ಮಾರ್ಗವಾಗಿ ವಿದೇಶಕ್ಕೆ ಹೋಗುವುದು ನಿಲ್ಲಲಿಲ್ಲ. ಇದು ಅವರ ಪರವಾದ ಸಾಕ್ಷ್ಯ. ಹುಡುಗನು ಎರಡನ್ನೂ ಮುಂದಿಟ್ಟು, ಹಳಿಯನ್ನು ಬಿಗಿಮಾಡುವವನಿಗೂ ಗಾಡಿಯು ಯಾವ ಕಡೆಗೆ ಏನನ್ನು ಒಯ್ಯಬೇಕೆಂದು ಗೊತ್ತುಮಾಡುವವನಿಗೂ ವ್ಯತ್ಯಾಸವುಂಟೆಂದೂ, ಆ ಗ್ರಂಥವು ಈ ವ್ಯತ್ಯಾಸವನ್ನು ನೋಡುವುದಿಲ್ಲವೆಂದೂ, ತನ್ನ ಆಕ್ಷೇಪಣೆಯು ಇಷ್ಟೆಂದೂ ಬರೆದು ಮುಗಿಸಿದ್ದನು.

ಅಧ್ಯಾಪಕರು ಅದನ್ನು ರಾತ್ರಿ ಮನೆಯಲ್ಲಿ ಓದಿದರು. ಓದಿ, ಮೊದಲು ಎದುರುತ್ತರವನ್ನು ಹುಡುಕಿದರು. 1921ರಲ್ಲಿ ಗಾಂಧಿಯವರೇ, ರೈಲುಗಳನ್ನೂ ಆಸ್ಪತ್ರೆಗಳನ್ನೂ ನಾಶಪಡಿಸುವುದು ತಮ್ಮ ಉದ್ದೇಶವಲ್ಲ, ಸದ್ಯಕ್ಕೆ ತಾವು ದುಡಿಯುತ್ತಿರುವುದು ಪಾರ್ಲಿಮೆಂಟಿನ ಮಾದರಿಯ ಸ್ವರಾಜ್ಯಕ್ಕಾಗಿ ಎಂದು ಬರೆದಿದ್ದಾರಲ್ಲ? ಕಪಾಟಿನಿಂದ ಆ ಬರಹವನ್ನು ತೆಗೆದು ನೋಡಿದರು. ಅಲ್ಲಿಯೇ, ಅವು ಸಹಜವಾಗಿ ಅಳಿದರೆ ತಮಗೆ ಸಂತೋಷವೆಂದೂ, ಒಬ್ಬ ಮಹಿಳೆಯ ಮಾತಿಗಾಗಿ ಒಂದು ಪದವನ್ನು ಬಿಟ್ಟರೆ ಗ್ರಂಥದಲ್ಲಿ ಬೇರೇನನ್ನೂ ಹಿಂತೆಗೆದುಕೊಳ್ಳುವುದಿಲ್ಲವೆಂದೂ ಇದ್ದಿತು. ಗೋಖಲೆಯವರು 1912ರಲ್ಲಿ ಅದನ್ನು ಓದಿ, ಇದು ಅವಸರದ ಕೃತಿ, ಭಾರತದಲ್ಲಿ ಒಂದು ವರ್ಷ ಕಳೆದ ಮೇಲೆ ಗಾಂಧಿಯವರೇ ಇದನ್ನು ನಾಶಮಾಡುವರು ಎಂದಿದ್ದರು. ಹಾಗಾಗಲಿಲ್ಲ. 1945ರ ಅಕ್ಟೋಬರಿನಲ್ಲಿ ಗಾಂಧಿಯವರು ನೆಹರೂ ಅವರಿಗೆ ಪತ್ರ ಬರೆದು, ಆ ಗ್ರಂಥದ ವ್ಯವಸ್ಥೆಯಲ್ಲಿ ತಮಗೆ ಇಂದಿಗೂ ನಂಬಿಕೆಯಿದೆಯೆಂದರು. ಅದು ತಮಗೆ ಅಂದೇ ವಾಸ್ತವದಿಂದ ದೂರವೆಂದು ತೋರಿತ್ತೆಂದು ನೆಹರೂ ಉತ್ತರಿಸಿದರು. ನೆಹರೂ ಒಪ್ಪಲಿಲ್ಲ, ಆದರೆ ಅರ್ಥವಾದವೆಂದು ತಳ್ಳಿಹಾಕಲೂ ಇಲ್ಲ. ಮಹಾತ್ಮರು ಅಂದದ್ದನ್ನು ಅಂದಂತೆಯೇ ತೆಗೆದುಕೊಂಡು ಭೇದವನ್ನು ಹೇಳಿದರು.

ಇವೆಲ್ಲವೂ ಅಧ್ಯಾಪಕರು ಅರಿಯದ ಸಂಗತಿಗಳಲ್ಲ. ಒಂದೊಂದನ್ನೂ ಅವರು ಬೇರೆ ಬೇರೆ ಪಾಠಗಳಲ್ಲಿ ಹೇಳಿದ್ದವರೇ. ತಮ್ಮ ಟಿಪ್ಪಣಿಯ ವಾಕ್ಯಕ್ಕೆ ಎದುರಾಗಿ ಅವುಗಳನ್ನು ಒಂದೆಡೆ ಇಟ್ಟು ನೋಡಿರಲಿಲ್ಲ, ಅಷ್ಟೆ. ಪ್ರತಿದಿನವೂ ಬಸ್ಸಿನಲ್ಲಿಯೂ ರೈಲಿನಲ್ಲಿಯೂ ಕಾಲೇಜಿಗೆ ಹೋಗಿಬರುವವರಿಗೆ, ಮಕ್ಕಳನ್ನು ಎಂಜಿನಿಯರಿಂಗ್ ಓದಿಸುತ್ತಿರುವವರಿಗೆ, ಗ್ರಂಥದ ಮೊದಲನೆಯ ಭಾಗವು ಸಾಕಾಗಿದ್ದಿತು. ಹಾಗೆ ನೋಡಿದರೆ ಹುಡುಗನ 6 ಅಂಕದ ಲೇಖನವು ತಪ್ಪಾದ ಪ್ರಮೇಯವನ್ನು ಹಿಡಿದಿದ್ದರೂ, ಗ್ರಂಥವು ತನ್ನನ್ನು ಕುರಿತೇ ಮಾತನಾಡುತ್ತಿದೆಯೆಂಬುದನ್ನು ಅರಿತು ಬರೆದುದಾಗಿದ್ದಿತು. ಪೂರ್ಣಾಂಕಗಳನ್ನು ಪಡೆದ ಹನ್ನೆರಡು ಮಂದಿಗೂ, ಅವರಿಗೆ ವಾಕ್ಯವನ್ನು ಬರೆಯಿಸಿದವರಿಗೂ ಈ ಅರಿವು ಇದ್ದಿತೆಂದು ಹೇಳುವಂತಿರಲಿಲ್ಲ.

ಮರುದಿನ ಅವರು ಕಚೇರಿಗೆ ಹೋಗಿ ವಿಚಾರಿಸಿದರು. ಅಂಕಗಳ ಪಟ್ಟಿಯು ಹಿಂದಿನ ವಾರವೇ ಸಹಿಯಾಗಿ ಹೋಗಿದ್ದಿತು; ಈಗ ತಿದ್ದಿದರೆ ಉಳಿದ 57 ಮಂದಿಯೂ ತಿದ್ದುಪಡಿ ಕೇಳುವರೆಂದು ಗುಮಾಸ್ತರು ಹೇಳಿದರು. ಅದೂ ನಿಜವೇ. 6 ಎಂಬುದು 6 ಆಗಿಯೇ ಉಳಿಯಿತು. ಅಧ್ಯಾಪಕರು ಹುಡುಗನನ್ನು ಕರೆಯಿಸಿ ಇದನ್ನು ಹೇಳಿದಾಗ ಅವರ ಮುಖದಲ್ಲಿದ್ದ ಸಂಕೋಚವು ಅವನ ಮುಖದಲ್ಲಿರಲಿಲ್ಲ.

"ಪರವಾಗಿಲ್ಲ ಸರ್. ನಾನು ಇದನ್ನ ಅಪ್ಪನಿಗೆ ಓದಿ ಹೇಳಿದೆ."

"ಏನಂದರು?"

"ಗಾಂಧೀಜಿ ಆಮೇಲೆ ರೈಲು ಹತ್ತಿದರೇನೋ ಅಂತ ಕೇಳಿದರು. ದೇಶವೆಲ್ಲ ಥರ್ಡ್ ಕ್ಲಾಸಿನಲ್ಲಿ ಓಡಾಡಿದರು, 1917ರಲ್ಲಿ ಆ ಡಬ್ಬಿಗಳ ಗಲೀಜಿನ ಮೇಲೆ ಒಂದು ಲೇಖನವನ್ನೂ ಬರೆದರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ನಡೆದೇ ಹೋಗು ಅಂದವರು ಅವರು, ನಡೀತಾ ಇರೋನು ನಾನು ಅಂತ ಅಂದ್ಕೊಂಡು ಡ್ಯೂಟಿಗೆ ಹೋದರು ಸರ್."

ಅಧ್ಯಾಪಕರು ಆ ಒಂಬತ್ತು ಪುಟಗಳನ್ನು ಕೇಳಿ ಪಡೆದು, ಟಿಪ್ಪಣಿಯ ಪುಸ್ತಕದಲ್ಲಿ ತಮ್ಮ ವಾಕ್ಯವಿದ್ದ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿಟ್ಟರು. ಮುಂದಿನ ವರ್ಷ ಅದೇ ಪಾಠವು ಬಂದಾಗ ಪ್ರಮೇಯವನ್ನು ಬರೆಯಿಸಲಿಲ್ಲ. ಒಂಬತ್ತನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ, ತರಗತಿಯಲ್ಲಿ ಯಾರ ಮನೆಯ ಅನ್ನವು ಈ ಅಧ್ಯಾಯದಲ್ಲಿದೆಯೆಂದು ಕೇಳಿದರು. ಹನ್ನೊಂದು ಕೈಗಳು ಮೇಲೆದ್ದವು.